ಸುಂಕದ ಕಟ್ಟೆ ಎಲ್ಲಿದೆ?

ಟಿವಿಗೆ ಜೋಡಿಸಿ ಆಡುವ ಯಂತ್ರವಾದ ಗೇಮ್ ಕನ್ಸೋಲ್‌ನ ಆಪರೇಟಿಂಗ್ ಸಿಸ್ಟಮ್, ಅಂದರೆ ಚಿಪ್‌ಗೂ ಆಟಕ್ಕೂ ನಡುವೆ ನಿಂತು ಎರಡನ್ನೂ ನಡೆಸುವ ಮೂಲ ತಂತ್ರಾಂಶ, ಬೇರೆ ಕಂಪನಿಗಳ ಯಂತ್ರಗಳಿಗೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯನ್ನು, ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುವ ಇಬ್ಬರು ಕನ್ನಡಿಗರ ಮಾತಿನ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ. ಕಿರಿಯ ಎಂಜಿನಿಯರಿಂಗ್ ಮುಗಿಸಿದವನು, ಹಿರಿಯ ಅರ್ಥಶಾಸ್ತ್ರದವನು.

ಕಿರಿಯ: ಸೋನಿ ಕಂಪನಿಯ ಕನ್ಸೋಲ್ ಆದ ಪ್ಲೇಸ್ಟೇಷನ್ 4ರ ಒಳಗಿರುವುದು ಸಾಮಾನ್ಯ ಕಂಪ್ಯೂಟರ್‌ಗಳ ಜಾತಿಯದೇ ಆದ ಎಎಂಡಿ ಚಿಪ್, ಅದರ ಆಪರೇಟಿಂಗ್ ಸಿಸ್ಟಮ್ ಕೂಡ ಯಾರು ಬೇಕಾದರೂ ಬಳಸಬಹುದಾದ ಫ್ರೀಬಿಎಸ್‌ಡಿಯ ಮೇಲೆ ಕಟ್ಟಿದ್ದು. ಊರ ಕೆರೆಯ ನೀರನ್ನು ಕೊಡದಲ್ಲಿ ತುಂಬಿಕೊಂಡು ಬಾಯಿಗೆ ಬೀಗ ಹಾಕಿದಂತಾಗಲಿಲ್ಲವೇ, ಅಣ್ಣ?

ಹಿರಿಯ: ಯಂತ್ರವನ್ನು ಅತಿ ಕಡಿಮೆ ಲಾಭಕ್ಕೆ, ಕೆಲವೊಮ್ಮೆ 2006ರ ಪ್ಲೇಸ್ಟೇಷನ್ 3ರಂತೆ ನಷ್ಟಕ್ಕೇ ಮಾರಿ, ಅದಕ್ಕಾಗಿ ಬಿಕರಿಯಾಗುವ ಪ್ರತಿ ಆಟದಿಂದಲೂ ರಾಯಧನವೆಂಬ ಪಾಲು ಪಡೆಯುವುದು ಈ ವ್ಯಾಪಾರದ ಕ್ರಮ. ಕಂಪನಿಯ ಡಿಜಿಟಲ್ ಸಹಿ ಇಲ್ಲದ ಆಟವನ್ನು ಓಡಗೊಡದ ಆಪರೇಟಿಂಗ್ ಸಿಸ್ಟಮ್ಮೇ ಆ ಪಾಲನ್ನು ವಸೂಲು ಮಾಡುವ ಸುಂಕದ ಕಟ್ಟೆ.

ಕಿರಿಯ: ಹಾಗಿದ್ದರೆ ಕಟ್ಟೆಯನ್ನು ಎಲ್ಲರ ಯಂತ್ರದಲ್ಲೂ ಕೂರಿಸಿದರೆ ಸುಂಕ ಹೆಚ್ಚಬೇಕು. ಬಡಾ ಬಜಾರ್ ಮಾರ್ಗದ ಜೆರಾಕ್ಸ್ ಅಂಗಡಿಗಳಲ್ಲಿ ಕೋಚಿಂಗ್ ಕೇಂದ್ರಗಳ ನೋಟ್ಸ್ ಸ್ಪೈರಲ್ ಬೈಂಡಿಂಗ್ ಆಗಿ ರಾಶಿ ಬಿದ್ದಿರುತ್ತವೆ. ಆದರೂ ತರಗತಿಗಳೇನೂ ಖಾಲಿಯಾಗಿಲ್ಲ.

ಹಿರಿಯ: ಕೇಂದ್ರಗಳು ಸೀಟಿನ ಶುಲ್ಕವನ್ನು ಮೊದಲೇ ಎಣಿಸಿಕೊಂಡಿರುವುದರಿಂದ ನೋಟ್ಸ್ ಸೋರಿದರೂ ತಾಳಿಕೊಳ್ಳುತ್ತವೆ, ಕನ್ಸೋಲ್‌ನಲ್ಲಿ ಸೀಟು ಅಗ್ಗ, ನೋಟ್ಸೇ ಆದಾಯ. ಕಟ್ಟೆಯನ್ನು ಹಂಚಿ ನೋಡಿದವರೂ ಇದ್ದರು. 1993ರಲ್ಲಿ ಅಮೆರಿಕದ 3ಡಿಒ ಕಂಪನಿ ತಾನು ಯಂತ್ರ ತಯಾರಿಸದೆ, ವಿನ್ಯಾಸವನ್ನೂ ತಂತ್ರಾಂಶವನ್ನೂ ಪ್ಯಾನಸಾನಿಕ್, ಸ್ಯಾನ್ಯೋ, ಗೋಲ್ಡ್‌ಸ್ಟಾರ್‌ಗಳಿಗೆ ಪರವಾನಗಿಯ ಮೇಲೆ ಕೊಟ್ಟು, ಪ್ರತಿ ಆಟಕ್ಕೆ 3 ಡಾಲರ್ ರಾಯಧನ ಗೊತ್ತುಮಾಡಿತು. ತಯಾರಕರು ತಮ್ಮ ಲಾಭವನ್ನು ಯಂತ್ರದಲ್ಲೇ ಹುಡುಕಬೇಕಾಯಿತು. ಪ್ಯಾನಸಾನಿಕ್‌ನ ಮೊದಲ ಯಂತ್ರಕ್ಕೆ 699 ಡಾಲರ್ ಬೆಲೆ ಬಿತ್ತು. ಮೂರು ವರ್ಷಗಳಲ್ಲಿ ಆ ಸಾಹಸ ಮುಗಿಯಿತು.

ಕಿರಿಯ: ಆದರೆ ಗೂಗಲ್‌ನ ಆಪರೇಟಿಂಗ್ ಸಿಸ್ಟಮ್ ಆಂಡ್ರಾಯ್ಡ್ ಬೇರೆ ಬೇರೆ ಕಂಪನಿಗಳ ಫೋನಿನಲ್ಲೂ ಇದೆಯಲ್ಲ?

ಹಿರಿಯ: ಗೂಗಲ್‌ನ ಕಟ್ಟೆ ಇರುವುದು ಹುಡುಕಾಟದ ಜಾಹೀರಾತಿನಲ್ಲಿ ಮತ್ತು ಪ್ಲೇ ಸ್ಟೋರ್‌ನಲ್ಲಿ, ಆಪರೇಟಿಂಗ್ ಸಿಸ್ಟಮ್ ಎಷ್ಟು ಹರಡಿದರೆ ಅಲ್ಲಿಗೆ ಅಷ್ಟು ಗಾಡಿಗಳು. ಪ್ಲೇ ಸ್ಟೋರ್ ಬೇಕೆನ್ನುವ ತಯಾರಕರು ಗೂಗಲ್‌ನ ಇತರ ಆಪ್‌ಗಳನ್ನೂ ಹಾಕಲೇಬೇಕೆಂಬಂಥ ಷರತ್ತುಗಳಿಗಾಗಿಯೇ ಇದೇ ದೆಹಲಿಯ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ನಿನ್ನ ಪರೀಕ್ಷೆಗೂ ಇದು ಬೇಕಾದೀತು, ಬರೆದಿಟ್ಟುಕೋ.

ಕಿರಿಯ: ಅದಿರಲಿ, ಹಣ ಕೊಟ್ಟು ಕನ್ಸೋಲ್ ಮನೆಗೆ ತಂದವನ ಸ್ವತ್ತು ಯಾವುದು?

ಹಿರಿಯ: ಪೆಟ್ಟಿಗೆ ಅವನದು, ಅದು ನಾಳೆ ಏನು ಮಾಡಬಲ್ಲದು ಎಂಬ ತೀರ್ಮಾನ ಅವನದಾಗಿ ಉಳಿದಿಲ್ಲ, ಇದು ಅನ್ಯಾಯವೆಂದೇ ಹೇಳಬೇಕು. ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಲು ಮೊದಲು ಸೋನಿಯೇ ಅವಕಾಶ ಕೊಟ್ಟಿತ್ತು. 2010ರ ಏಪ್ರಿಲ್ 1ರ ಅಪ್‌ಡೇಟ್ ಅದನ್ನು ಕಿತ್ತುಹಾಕಿತು. ಅಪ್‌ಡೇಟ್ ಒಲ್ಲೆನೆಂದವರಿಗೆ ಸೋನಿಯ ಆನ್‌ಲೈನ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್‌ನ ಪ್ರವೇಶ ನಿಂತಿತು.