ಶಕ್ತಿಗೆ ತಕ್ಕ ತಪಸ್ಸು

ದಶಲಕ್ಷಣ ಪರ್ವ ಬಂದಿತೆಂದರೆ ಶ್ರಾವಕರ ಮನೆಗಳಲ್ಲಿ ಉಪವಾಸ, ಏಕಭುಕ್ತಗಳ ಸಂಕಲ್ಪ ಮೊದಲಾಗುತ್ತದೆ. ದೃಢಕಾಯರಿಗೆ ಅದು ಆನಂದದ ಸಾಧನೆ. ಶರೀರವೇ ಸಹಕರಿಸದವರ ಪಾಡೇನು? ರೋಗದ ನಿಮಿತ್ತ ಬಿಟ್ಟ ಆಹಾರವನ್ನು ವ್ರತವೆನ್ನಬಹುದೇ? ಉಪವಾಸ ಮಾಡಲಾರದವರು ಧರ್ಮದಿಂದ ದೂರವಾದರೇ?

ಚಾಮರಾಜಪೇಟೆಯ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿಯೆಲ್ಲ ನಿದ್ರಿಸಿದರೂ ಬೆಳಗ್ಗೆ ಏಳುವಾಗಲೇ ಬಳಲಿಕೆ. ಟಾನಿಕ್ ಕುಡಿದರೂ ರಕ್ತಹೀನತೆ ನೀಗದು. ಋತುಚಕ್ರ ಏರುಪೇರಾಗಿದೆ, ಥೈರಾಯ್ಡ್ ಗ್ರಂಥಿ ಮಂದವಾಗಿದೆ. "ನಮ್ಮ ಕಾಲದಲ್ಲಿ ಉಪವಾಸವಿದ್ದೂ ಮನೆಗೆಲಸವನ್ನೆಲ್ಲ ಮಾಡುತ್ತಿದ್ದೆವಮ್ಮ" ಎಂಬ ಅತ್ತೆಯವರ ಮಾತಿಗೆ ಆಕೆಯಲ್ಲಿ ಉತ್ತರವಿಲ್ಲ. ಕೊನೆಗೊಮ್ಮೆ ವೈದ್ಯರು ಸೀಲಿಯಾಕ್ ರೋಗವೆಂದು ಗುರುತಿಸುತ್ತಾರೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಈ ರೋಗಿಗಳ ಸಣ್ಣ ಕರುಳಿನ ಒಳಪೊರೆಯನ್ನು ದೇಹದ ರಕ್ಷಣಾಶಕ್ತಿಯಿಂದಲೇ ಕೆಡಿಸುತ್ತದೆ. ಕಬ್ಬಿಣ, ಫೋಲೇಟ್, ಕ್ಯಾಲ್ಸಿಯಂ ಮೊದಲಾದ ಸತ್ವಗಳು ರಕ್ತಕ್ಕೆ ಸರಿಯಾಗಿ ಸೇರವು. ಥೈರಾಯ್ಡ್ ವ್ಯಾಧಿ, ಮುಟ್ಟಿನ ದೋಷ, ಕೆಲವರಲ್ಲಿ ಬಂಜೆತನ, ಗರ್ಭಪಾತಗಳೂ ಇದರೊಡನೆ ಕಾಣಿಸಿಕೊಳ್ಳುತ್ತವೆ. ಗೋಧಿ ಬಿಟ್ಟ ಮರುದಿನವೇ ಬಳಲಿಕೆ ಹೋಗದು. ಕರುಳು ಮಾಯಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಬೇಕು. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡುಬಂದವು. ಇಲ್ಲಿ ವಿರಳವಾದ್ದರಿಂದಲೇ ಸಂಶಯವೂ ತಡವಾಗಿ ಹುಟ್ಟುತ್ತದೆ. ಆದರೆ ಚಪಾತಿ, ರವೆ ಇಡ್ಲಿ, ಉಪ್ಪಿಟ್ಟು, ಚಿರೋಟಿಗಳು ಬಸವನಗುಡಿ, ಮಲ್ಲೇಶ್ವರದ ಮನೆಗಳಿಗೂ ನಿತ್ಯಪರಿಚಿತ. ಸಾರಿಗೆ ಹಾಕುವ ಇಂಗಿನಲ್ಲಿಯೂ ಹಲವು ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ.

ಈ ಸಂಕಟಕ್ಕೆ ಶಾಸ್ತ್ರದಲ್ಲಿ ದಾರಿಯಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ, ಶರೀರಕ್ಕೆ ಅನಿಷ್ಟವಾದುದನ್ನು ಬಿಡಬೇಕೆನ್ನುತ್ತಾರೆ; ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತರಾಗುವುದೇ ವ್ರತವೆಂದು ವಿವೇಚಿಸುತ್ತಾರೆ. ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಈ ಗೃಹಿಣಿಗೆ ಗೋಧಿ ಅನಿಷ್ಟ. ಮದುವೆಮನೆಯಲ್ಲಿ ದಾಕ್ಷಿಣ್ಯಕ್ಕೆ ಚಿರೋಟಿ ತಿನ್ನುವುದು ಸೌಜನ್ಯವಲ್ಲ, ತನ್ನ ಶರೀರಕ್ಕೆ ತಾನೇ ಮಾಡಿಕೊಳ್ಳುವ ಹಾನಿ. ಆದರೆ ಅದನ್ನು ಬಿಟ್ಟ ಮಾತ್ರಕ್ಕೆ ತಾನು ತಪಸ್ವಿನಿಯೆಂದು ಭಾವಿಸುವಂತೆಯೂ ಇಲ್ಲ; ರೋಗ ಕಸಿದುಕೊಂಡದ್ದು ತ್ಯಾಗವಾಗದು.

ಹಾಗಾದರೆ ಆಕೆಗೆ ತಪಸ್ಸೇ ಇಲ್ಲವೇ? ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸುಗಳೆರಡಕ್ಕೂ "ಶಕ್ತಿತಃ" ಎಂಬ ವಿಶೇಷಣವಿದೆ. ಪೂಜ್ಯಪಾದಾಚಾರ್ಯರು ಇದನ್ನು ವಿವರಿಸುತ್ತ, ತಪಸ್ಸನ್ನಾಚರಿಸುವವನು ತನ್ನ ಶಕ್ತಿಯನ್ನು ಬಚ್ಚಿಡಬಾರದೆಂದು ಸೂಚಿಸಿದ್ದಾರೆ. ಆದುದರಿಂದ ಗಟ್ಟಿಮುಟ್ಟಾದವರು ಈ ಮಾತನ್ನು ನೆಪವಾಗಿಸಿಕೊಳ್ಳಲಾಗದು. ನಿಶ್ಶಕ್ತರ ಮೇಲೆ ಇತರರು ತಮ್ಮ ಅಳತೆಗೋಲನ್ನು ಹೇರಲೂ ಆಗದು. ಹನ್ನೆರಡು ತಪಸ್ಸುಗಳಲ್ಲಿ ಅನಶನವು ಒಂದು ಮಾತ್ರ. ವಿನಯ, ಸ್ವಾಧ್ಯಾಯ, ಧ್ಯಾನಗಳು ಅಂತರಂಗ ತಪಸ್ಸುಗಳು. ಬಳಲಿಕೆಯ ನಡುವೆ ಕೋಪವನ್ನು ತಡೆದು ಅರ್ಧ ಗಳಿಗೆ ಶಾಸ್ತ್ರ ಓದಿದ ದಿನ ಆಕೆಯ ಪರ್ವ ಬರಿದಾಗಿಲ್ಲ. ಥೈರಾಯ್ಡಿನ ಮಾತ್ರೆಯನ್ನು ನೀರಿನೊಡನೆ ಸೇವಿಸಬೇಕಾದವರು ನೀರನ್ನೂ ತೊರೆದ ಉಪವಾಸವನ್ನು ವೈದ್ಯರನ್ನು ಕೇಳದೆ ಕೈಗೊಳ್ಳಬಾರದು. ರೋಗದ ಸಂಶಯವಿರುವವರು ರಕ್ತಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟರೆ ರೋಗ ಪತ್ತೆಯಾಗದೆ ಹೋಗಬಹುದೆಂಬುದನ್ನೂ ಅರಿತಿರಬೇಕು.

ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಅದು ಮನೆಯವರ ಪಾಲಿನದು. ಆಕೆಗೆಂದು ಬೇರೆ ಕಾವಲಿ ತೆಗೆದಿರಿಸುವುದು, ಇಂಗಿನ ಡಬ್ಬಿಯ ಮೇಲಿನ ಬರಹವನ್ನು ಓದಿ ತರುವುದು, ಆಕೆ ಮಲಗಿದಾಗ ಸೋಮಾರಿಯೆನ್ನದಿರುವುದು, ಇವು ಚಿಕ್ಕ ಕೆಲಸಗಳು. ಪಕ್ಕದ ಕೋಣೆಯಲ್ಲಿ ಬಳಲಿ ಮಲಗಿದವಳನ್ನು ಜರಿಯುತ್ತ ಮಾಡಿದ ಉಪವಾಸದಿಂದ ಹೊಟ್ಟೆ ಹಸಿದೀತು; ಕಷಾಯ ಕ್ಷೀಣಿಸದು. ಪರ್ವದ ಸಂಜೆ ಆ ಅತ್ತೆಯವರು ಸೊಸೆಗೆ ಬಿಸಿ ಅನ್ನ, ಸಾರು ಬಡಿಸಿ, "ನೀನು ಉಂಡು ಮಲಗಮ್ಮ, ಸ್ವಾಧ್ಯಾಯವನ್ನು ನಾನೇ ಓದಿ ಹೇಳುತ್ತೇನೆ" ಎಂದರೆ, ಆ ಮನೆಯಲ್ಲಿ ಇಬ್ಬರ ತಪಸ್ಸೂ ನಡೆದಂತೆ.