ಕಲಿತದ್ದು ಯಾರ ಸ್ವತ್ತು?



ಚಿತ್ರದುರ್ಗದ ಚಂದ್ರವಳ್ಳಿಗೆ ನೀವು ಹೋಗಿರಬಹುದು. ಅಲ್ಲಿನ ಬಂಡೆಯೊಂದರ ಮೇಲೆ ಕದಂಬ ದೊರೆ ಮಯೂರಶರ್ಮನ ಶಾಸನವಿದೆ. ಅವನು ಕೆರೆಯ ಕೆಲಸ ಮಾಡಿಸಿದ್ದನ್ನು ಅದು ಹೇಳುತ್ತದೆ. ನಾಲ್ಕನೆಯ ಶತಮಾನದ ಈ ಅರಸ ಓದನ್ನು ನಡುವೆಯೇ ಬಿಟ್ಟವನು. ಗುರು ವೀರಶರ್ಮನೊಡನೆ ಕಂಚಿಗೆ ಹೋಗಿ ಘಟಿಕೆ ಸೇರಿದ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಹೊರಬಿದ್ದ ಎಂದು ತಾಳಗುಂದದ ಶಾಸನ ತಿಳಿಸುತ್ತದೆ. ಅವನು ಕತ್ತಿ ಹಿಡಿದು ರಾಜ್ಯ ಕಟ್ಟಿದ. ನಮ್ಮ ಮಕ್ಕಳಿಗೆ ಆ ದಾರಿಯಿಲ್ಲ. ಒಂದು ಕಾಲೇಜು ಬಿಟ್ಟರೆ ಅವರು ಇನ್ನೊಂದರ ಬಾಗಿಲಲ್ಲಿ ನಿಲ್ಲಲೇಬೇಕು.

ಬಿ.ಕಾಂ. ಎರಡನೆಯ ವರ್ಷದ ಹುಡುಗಿಯೊಬ್ಬಳ ತಂದೆಗೆ ದೂರದೂರಿಗೆ ವರ್ಗವಾಯಿತು ಎನ್ನಿ. ಹೊಸ ಕಾಲೇಜು ಅವಳ ಅಂಕಪಟ್ಟಿ ನೋಡಿ, "ನಿಮ್ಮ ಪೇಪರುಗಳು ನಮ್ಮವಕ್ಕೆ ಹೊಂದುವುದಿಲ್ಲ, ಮೊದಲಿನಿಂದ ಓದಿ" ಎನ್ನುತ್ತದೆ. ಶುಲ್ಕ ಮತ್ತೆ ಕಟ್ಟಬೇಕು, ವಯಸ್ಸು ಕಾಯುವುದಿಲ್ಲ. ಹಾಗಾದರೆ ಅವಳು ಕಲಿತದ್ದು ಅವಳದೋ, ಕಲಿಸಿದ ಸಂಸ್ಥೆಯದೋ?

ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಇವನ್ನು ವಿದ್ಯಾರ್ಥಿಯ ಹೆಸರಿನಲ್ಲೇ ಕೂಡಿಡಲು ಯುಜಿಸಿ 2021ರಲ್ಲಿ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ನಿಯಮಗಳನ್ನು ತಂದಿತು. ಅದರಂತೆ ಕ್ರೆಡಿಟ್ ಗರಿಷ್ಠ 7 ವರ್ಷ ಊರ್ಜಿತ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಶೇಕಡಾ 50ರಷ್ಟನ್ನು ಗಳಿಸಿರಬೇಕು. ಕಲಿತದ್ದು ಕಲಿತವರ ಸ್ವತ್ತು ಎಂಬ ಒಪ್ಪಿಗೆ ಇದರಲ್ಲಿದೆ.

ವಿದ್ಯಾರ್ಥಿ ಕದಲದಿದ್ದರೂ ವ್ಯವಸ್ಥೆ ಕದಲುವುದುಂಟು. ಚಿತ್ರದುರ್ಗದ ಪದವಿ ಕಾಲೇಜುಗಳು 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯದ ಅಡಿಯಲ್ಲಿದ್ದು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದಾಗ ಅದಕ್ಕೆ ಸೇರಿದವು. ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಪದ್ಧತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ನಡುವೆ ಓದು ನಿಲ್ಲಿಸಿ ಮರಳಿದವರಿಗೆ ತಮ್ಮದೇ ಕಾಲೇಜು ಪರ ಊರಿನಂತೆ ಕಾಣಬಹುದು.

ಹೊಸ ಕಾಲೇಜು ಪರೀಕ್ಷಿಸಿ ನೋಡುವುದು ತಪ್ಪಲ್ಲ. ರೋಗಿಯ ಆರೈಕೆ ಕಲಿಯದವಳ ಕೈಗೆ ಸೂಜಿ ಕೊಡಲಾಗದು. ಅದು ರೋಗಿಗೆ ಮಾಡುವ ಅನ್ಯಾಯ. ಆದರೆ ನೋಡಿ ನಿರ್ಧರಿಸುವುದು ಬೇರೆ, ನೋಡದೆಯೇ ತಳ್ಳಿಬಿಡುವುದು ಬೇರೆ. ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರ ಮನಸ್ಸೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪಾಠದ ಹೆಸರು ಬೇರೆಯೆಂಬ ಮಾತ್ರಕ್ಕೆ ಒಂದು ವರ್ಷದ ದುಡಿಮೆಯನ್ನು ಅಳಿಸುವುದು ನ್ಯಾಯವಾಗದು.

ನಮ್ಮ ಧರ್ಮಸಭೆಯ ರೂಢಿಯನ್ನೇ ನೋಡಿ. ಬೇರೆ ಸಭೆಯಲ್ಲಿ ಕ್ರಮಬದ್ಧವಾಗಿ ದೀಕ್ಷಾಸ್ನಾನ ಪಡೆದು ಬಂದವರಿಗೆ ನಾವು ಮತ್ತೊಮ್ಮೆ ಅದನ್ನು ಕೊಡುವುದಿಲ್ಲ. ಸಂದೇಹವಿದ್ದರೆ ಮೊದಲು ವಿಚಾರಿಸುತ್ತೇವೆ. ಆ ಸ್ನಾನ ಕೊಟ್ಟವರ ಸ್ವತ್ತಲ್ಲ, ಕ್ರಿಸ್ತರದು ಎಂದು ಸಂತ ಅಗಸ್ಟೀನರು ವಾದಿಸಿದ್ದರು. ವಿದ್ಯೆ ಸಂಸ್ಕಾರವಲ್ಲ, ಅದು ಮರೆತುಹೋಗಬಹುದು ನಿಜ. ಆದರೂ 'ನಮ್ಮಲ್ಲಿ ಆಗದ್ದು ಆಗಿಯೇ ಇಲ್ಲ' ಎಂಬ ಅಹಂಕಾರ ಎರಡೂ ಕಡೆ ಒಂದೇ. ಕ್ರೆಡಿಟ್ ಎಂಬ ಮಾತು ಬಂದದ್ದು ನಂಬು ಎಂಬರ್ಥದ ಲತೀನ್ ಮೂಲದಿಂದ. ವಿಶ್ವಾಸ ಸಂಗ್ರಹದ 'ಕ್ರೇದೋ' ಕೂಡ ಅಲ್ಲಿಂದಲೇ. ನಂಬಿಕೆಯಿಲ್ಲದ ಕಡೆ ಕ್ರೆಡಿಟ್ ಬರೀ ಅಂಕಿ.

ತಂದೆತಾಯಿಗಳೇ, ಟಿ.ಸಿ. ಪಡೆಯುವ ಮುಂಚೆ ಹೊಸ ಕಾಲೇಜಿನಲ್ಲಿ ಯಾವ ಪೇಪರು ಸಲ್ಲುತ್ತದೆಂದು ಬರಹದಲ್ಲಿ ಕೇಳಿ. ಹಳೆಯ ಕಾಲೇಜಿನ ಮೊಹರಿರುವ ಪಠ್ಯಕ್ರಮದ ಪ್ರತಿ, ಎಲ್ಲ ಅಂಕಪಟ್ಟಿಗಳು, ವಿಶ್ವವಿದ್ಯಾಲಯ ಬದಲಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಜೊತೆಗಿರಲಿ. ಒಂದೆರಡು ಪೇಪರು ಸಲ್ಲದೆ ಹೋದರೆ "ವರ್ಷ ಹಾಳು ಮಾಡಿದೆ" ಎಂದು ಮಕ್ಕಳನ್ನು ಹಂಗಿಸಬೇಡಿ.

ಇನ್ನು ಕಾಲೇಜು ಕಚೇರಿಗಳಲ್ಲಿ, ಮಂಡಳಿಗಳಲ್ಲಿ ದುಡಿಯುವ ಓದುಗರಿಗೆ ಒಂದು ಬಿನ್ನಹ. ಇಂಥ ಅರ್ಜಿ ನಿಮ್ಮ ಮೇಜಿಗೆ ಬಂದಾಗ ಆ ಪಠ್ಯಕ್ರಮದ ಪುಟಗಳನ್ನು ಓದಿ ನೋಡಿ. ನಿಮಗೆ ಅರ್ಧ ಗಂಟೆಯ ಕೆಲಸ. ಆ ಮಗುವಿಗೆ ಅದು ಒಂದು ವರ್ಷ.