ಅರ್ಜುನನ ಬೆರಳುಗಾಪು, ರ‍್ಯಾಲಿ ಚಾಲಕನ ಕೈಗವಸು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ವೀರಭದ್ರನ ಜಾತ್ರೆ ಎಂದರೆ ಕೆಂಡಾರ್ಚನೆ. ಉಪವಾಸವಿದ್ದು ಮಡಿಯಲ್ಲಿ ಬಂದ ಭಕ್ತರು ನಿಗಿನಿಗಿ ಕೆಂಡವನ್ನು ಬರಿಗಾಲಲ್ಲಿ ಹಾಯುತ್ತಾರೆ. ಅದೇ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಕಾರು ಓಡಿಸುವವನಿಗೆ ಮಾತ್ರ ಬೆಂಕಿ ತಡೆಯುವ ಕೈಗವಸಿಲ್ಲದೆ ಸ್ಟೇರಿಂಗ್ ಮುಟ್ಟಲು ಅಪ್ಪಣೆಯಿಲ್ಲ. ಆಯುಧಪೂಜೆಯಲ್ಲಿ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯುವವನು ಮೇಲಿದ್ದಾನೆ ಎಂದು ಕೈಮುಗಿದವನಿಗೆ ಈ ಗವಸು ಯಾಕೆ? ಅದನ್ನು ತೊಡುವುದು ನಂಬಿಕೆಯಲ್ಲಿ ಬಿಟ್ಟ ಬಿರುಕೇ?

ಈ ಪ್ರಶ್ನೆ ಈ ಸೀಮೆಗೆ ಹೊರಗಿನದಲ್ಲ.  ಇಲ್ಲಿನ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ. 2016 ಮತ್ತು 2017ರಲ್ಲಿ ಭಾರತದ ಚಾಲಕ ಗೌರವ್ ಗಿಲ್ ಆ ಕಿರೀಟ ಗೆದ್ದರು.  

ಉತ್ತರ ಹುಡುಕಲು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಬಹುದು. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯದಲ್ಲಿ ರಾಮಾಯಣ, ಕೃಷ್ಣಚರಿತೆ, ಮಹಾಭಾರತಗಳ ಶಿಲ್ಪಪಟ್ಟಿಕೆಗಳಿವೆ. ಆ ಪಟ್ಟಿಕೆಗಳ ಹಿಂದಿರುವ ವ್ಯಾಸಭಾರತದಲ್ಲಿ ವೀರರು ಗೋಧಾಂಗುಲಿತ್ರಾಣ ಕಟ್ಟಿಕೊಂಡು ಯುದ್ಧಕ್ಕೆ ಹೊರಡುತ್ತಾರೆ. ಬಿಲ್ಲಿನ ಹೆದೆ ಬೆರಳನ್ನು ಸೀಳದಿರಲಿ ಎಂದು ಉಡದ ಚರ್ಮದಿಂದ ಮಾಡಿದ ಬೆರಳುಗಾಪು ಅದು. ಸಾಕ್ಷಾತ್ ಕೃಷ್ಣನೇ ಸಾರಥಿಯಾಗಿದ್ದರೂ ಅರ್ಜುನ ಕವಚ ಕಳಚಲಿಲ್ಲ. ಕೃಷ್ಣನೂ ಕಳಚು ಎನ್ನಲಿಲ್ಲ. ದೇವರು ಪಕ್ಕದಲ್ಲಿದ್ದಾನೆ ಎಂಬುದು ತನ್ನ ಪಾಲಿನ ಎಚ್ಚರವನ್ನು ಕೈಬಿಡಲು ಪರವಾನಗಿಯಲ್ಲ.

ಅದೇ ಮಹಾಭಾರತದ ಕರ್ಣ ಕವಚ ಕಿತ್ತುಕೊಟ್ಟನಲ್ಲ ಎಂದು ಕೇಳಬಹುದು. ಅವನು ಕೊಟ್ಟದ್ದು ಬೇಡಿ ಬಂದವನಿಗೆ, ಆಡಿದ ಮಾತಿಗಾಗಿ. ಕೊಟ್ಟಾಗ ಲೋಕ ಅವನನ್ನು ದಾನಶೂರ ಎಂದಿತು. ತೊಟ್ಟಿದ್ದಾಗ ಯಾರೂ ಹೇಡಿ ಎನ್ನಲಿಲ್ಲ. ಸೆಕೆಯೆಂದು ಗವಸು ಬಿಸುಡುವವನು ಯಾರಿಗೂ ಏನನ್ನೂ ಕೊಡುತ್ತಿಲ್ಲ.

ಕೆಂಡ ಹಾಯುವವನಿಗೂ ಚಾಲಕನಿಗೂ ಇರುವ ವ್ಯತ್ಯಾಸ ದೊಡ್ಡದು. ಭಕ್ತ ಬೆಂಕಿಯನ್ನು ತಾನೇ ಅರಸಿ, ವ್ರತ ಹಿಡಿದು, ಊರವರು ಹದಮಾಡಿದ ಕೆಂಡದ ಮೇಲೆ ನಿಲ್ಲದೆ ನಡೆದು ಆಚೆ ದಾಟುತ್ತಾನೆ. ಚಾಲಕನ ಬೆಂಕಿ ಕರೆಯದೆ ಬರುತ್ತದೆ. ಬಂದಾಗ ಅವನು ಬೆಲ್ಟುಗಳಿಂದ ಸೀಟಿಗೆ ಬಿಗಿದುಕೊಂಡಿರುತ್ತಾನೆ. ಆ ಬಕಲ್ ಬಿಚ್ಚಬೇಕಾದದ್ದು, ಬಾಗಿಲು ತಳ್ಳಬೇಕಾದದ್ದು ಕೈ. ಕೈ ಆಡದಷ್ಟು ಸುಟ್ಟರೆ ಪಾರಾಗುವ ದಾರಿಯೇ ಮುಚ್ಚಿತು.

2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ರೊಮೇನ್ ಗ್ರೋಜಾನ್ ಅವರ ಕಾರು ತಡೆಬೇಲಿ ಸೀಳಿ ಎರಡು ಹೋಳಾಯಿತು. ಸುಮಾರು 28 ಸೆಕೆಂಡು ಅವರು ಜ್ವಾಲೆಯೊಳಗಿದ್ದರು. ಗವಸಿದ್ದೂ ಕೈಗಳು ಸುಟ್ಟವು, ಆದರೆ ಆಡದಷ್ಟಲ್ಲ; ಆ ಕೈಗಳೇ ಅವರನ್ನು ಹೊರಗೆಳೆದವು. ಒಳಗಿದ್ದಾಗ ಮಕ್ಕಳ ನೆನಪು ಬಂತು, ಹೊರಬರಲೇಬೇಕೆನಿಸಿತು ಎಂದು ಅವರು ಆಮೇಲೆ ಹೇಳಿದರು. ವೈದ್ಯಕೀಯ ಕಾರಿನ ಡಾ. ಇಯಾನ್ ರಾಬರ್ಟ್ಸ್ ಬೆಂಕಿಯ ಅಂಚಿಗೇ ಹೋಗಿ ಅವರನ್ನು ಹಿಡಿದುಕೊಂಡರು.

ಇಲ್ಲಿಯೇ ಧರ್ಮದ ಪ್ರಶ್ನೆ, ಬರೆದದ್ದು ಆಗಿಯೇ ತೀರುತ್ತದೆ ಎಂಬ ಹಣೆಬರಹದ ವಾದವನ್ನು ಮೀರುತ್ತದೆ. ನನ್ನ ಜೀವ, ನನ್ನ ಇಷ್ಟ ಎನ್ನುವ ಹಕ್ಕು ಚಾಲಕನಿಗೆ ಪೂರ್ತಿ ಇಲ್ಲ. ಅವನು ಹೊರಬರಲಾಗದಿದ್ದರೆ ಬೆಂಕಿಗೆ ಇಳಿಯಬೇಕಾದವರು ಓಟದ ದಾರಿಯ ಬದಿಯಲ್ಲಿ ಕಾವಲು ನಿಂತ ಮಾರ್ಷಲ್‌ಗಳು. ಗವಸು ಉಳಿಸಿಕೊಡುವ ಒಂದೊಂದು ಸೆಕೆಂಡೂ ಅವರ ಪಾಲಿಗೂ ಸಲ್ಲುತ್ತದೆ.

ಆದ್ದರಿಂದ ಗವಸಿನ ಆಯ್ಕೆ ಶೋಕಿಯ ಮಾತಲ್ಲ. ಮೊದಲು ನೋಡಬೇಕಾದದ್ದು ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ‘ಎಫ್‌ಐಎ 8856-2018’ ಎಂಬ ಮುದ್ರೆ. ಒಳಗಿನ ಬಟ್ಟೆ ನೋಮೆಕ್ಸ್‌ನಂಥ ಅರಾಮಿಡ್ ನೂಲಿನದು; ಅದು ಕರಗಿ ಚರ್ಮಕ್ಕೆ ಅಂಟುವುದಿಲ್ಲ, ಕಪ್ಪಾಗಿ ದಪ್ಪಗಟ್ಟಿ ಶಾಖವನ್ನು ತಡೆಯುತ್ತದೆ. ಬೈಕಿನ ಚರ್ಮದ ಗವಸು ರಸ್ತೆಯ ಉಜ್ಜಾಟಕ್ಕೆ ಮಾಡಿದ್ದು, ಬೆಂಕಿಗಲ್ಲ. ಗವಸು ತೀರ ಬಿಗಿಯಾದರೆ ಶಾಖ ತಡೆಯುವ ಗಾಳಿಯ ಪದರ ಉಳಿಯದು, ಬೆರಳು ಜೋಮು ಹಿಡಿಯುತ್ತದೆ. ಸಡಿಲವಾದರೆ ಅಂಗೈಯಲ್ಲಿ ಸುಕ್ಕುಗಟ್ಟಿ ಸ್ಟೇರಿಂಗ್ ಜಾರುತ್ತದೆ. ಹೊಲಿಗೆ ಹೊರಮೈಗಿದ್ದರೆ ಬೆರಳಿಗೆ ಒತ್ತುವುದಿಲ್ಲ. ಮಣಿಕಟ್ಟಿನ ಪಟ್ಟಿ ಮೇಲುಡುಪಿನ ತೋಳಿನೊಂದಿಗೆ ಒಂದರ ಮೇಲೊಂದು ಬಂದು, ನಡುವೆ ಚರ್ಮ ಕಾಣದಂತಿರಬೇಕು. ಪೆಟ್ರೋಲು, ಎಣ್ಣೆ ಹೀರಿದ ಗವಸು ತಾನೇ ಉರಿಯಬಲ್ಲದು. ಹರಿದದ್ದನ್ನು, ಒಗೆದರೂ ಎಣ್ಣೆ ಬಿಡದದ್ದನ್ನು ಎಸೆಯಬೇಕು.

ನಿಯಮ ಒಂದು ಕಡೆ ಸಡಿಲವಾಗಿದೆ. ರ‍್ಯಾಲಿಯ ಕೋ-ಡ್ರೈವರ್, ಅಂದರೆ ಪಕ್ಕದಲ್ಲಿ ಕುಳಿತು ದಾರಿ ಹೇಳುವವನು, ತಿರುವುಗಳನ್ನು ಬರೆದಿಟ್ಟ ಪೇಸ್ ನೋಟ್ಸ್‌ನ ಹಾಳೆ ತಿರುವಬೇಕಾದ್ದರಿಂದ ಅವನಿಗೆ ಕೈಗವಸು ಕಡ್ಡಾಯವಲ್ಲ, ಐಚ್ಛಿಕ. ಕಾನೂನು ಸುಮ್ಮನಾದ ಕಡೆ ವಿವೇಕ ಮಾತಾಡಬೇಕು. ಹಾಳೆ ತಿರುವಲು ಒದಗುವ ತೆಳು ಗವಸು ಸಿಗುವುದಾದರೆ ಅದನ್ನು ತೊಡುವುದೇ ಸರಿ.

ಕಡೂರಿನಿಂದಲೋ ಅಜ್ಜಂಪುರದಿಂದಲೋ ನಾಳೆ ಮೊದಲ ರ‍್ಯಾಲಿಗೆ ಹೊರಡುವ ಹುಡುಗ, ಹುಡುಗಿಯರು ವೀರಭದ್ರನಿಗೆ ಕಾಯಿ ಒಡೆಸಿಯೇ ಹೋಗಲಿ. ಕಾರಿನ ಎಂಜಿನ್ನಿಗೆ ಸುರಿಯುವ ಹಣದಲ್ಲಿ ಮೊದಲ ಪಾಲನ್ನು ಮುದ್ರೆಯಿರುವ, ಅಳತೆಗೆ ಒಪ್ಪುವ ಒಂದು ಜೊತೆ ಕೈಗವಸಿಗೆ ಎತ್ತಿಡಲಿ. ಮನೆಯ ಹಿರಿಯರು ಅದನ್ನು ಕೇಳಿ, ನೋಡಿ ಕಳಿಸಲಿ.